ಅಂಟಿನ ಪುಸ್ತಕಕ್ಕೆ ದೇವರು ಬಂದದ್ದು

ಕತ್ತರಿ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದನ್ನು ರೋಗ ಎನ್ನುವವರು ನಮ್ಮ ಮನೆಯಲ್ಲೇ ಇದ್ದಾರೆ. ಯಜಮಾನರು ವಾರಪತ್ರಿಕೆ ಕೈಗೆತ್ತಿಕೊಂಡರೆ ಮೊದಲು ಅದನ್ನು ಬೆಳಕಿಗೆ ಹಿಡಿದು, ಎಲ್ಲೆಲ್ಲಿ ಕಿಟಕಿ ಬಿದ್ದಿದೆ ಎಂದು ನೋಡಿಕೊಳ್ಳುತ್ತಾರೆ. ಧಾರಾವಾಹಿಯ ನಾಯಕಿ ಬಾವಿಕಟ್ಟೆಯ ಮೇಲೆ ನಿಂತಿರುತ್ತಾಳೆ, ಮುಂದೇನಾಯಿತು ಎನ್ನುವಷ್ಟರಲ್ಲಿ ಒಂದು ಚೌಕದ ತೂತು. ತೂತಿನ ಹಿಂಬದಿಗೆ ಇದ್ದದ್ದು ಯಾವುದೋ ನವಿಲು. "ಆಯಮ್ಮ ಹಾರಿದ್ಲೋ ಇಲ್ವೋ, ಅಷ್ಟು ಹೇಳಿಬಿಡು ಮಾರಾಯ್ತಿ" ಎಂದು ಗೋಗರೆಯುತ್ತಾರೆ. ನನಗೇನು ಗೊತ್ತು? ನಾನು ಆ ಕಡೆಗೆ ಅಂಟು ಬಳಿದು ರಟ್ಟಿಗೆ ಹಚ್ಚಿ ಆಗಿರುತ್ತದೆ.

ಈ ಚಟ ಹತ್ತಿದ್ದು ಚನ್ನಗಿರಿಯಲ್ಲಿ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಯಜಮಾನರಿಗೆ ಜಗಳೂರಿನಿಂದ ವರ್ಗವಾಗಿ ಅಲ್ಲಿಗೆ ಬಂದೆವು. ಜಗಳೂರಿನಲ್ಲಿ ನನ್ನ ಮಾತು ಕೇಳಲು ಒಂದು ಗೋಡೆ ಇತ್ತು, ಅದೂ ಸುಣ್ಣ ಉದುರಿಸಿ ಬೇಸರ ತೋರಿಸುತ್ತಿತ್ತು. ಚನ್ನಗಿರಿಯಲ್ಲಾದರೆ ಸಾಮಾನು ಇಳಿಸಿದ ದಿನವೇ ಎರಡು ಹಿತ್ತಲು ಮಾತಿಗೆ ಸಿಕ್ಕವು. ಎಡಗಡೆಯದು ಮುಮ್ತಾಜಳದು. ಅವಳ ಗಂಡನಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಟೈಲರ್ ಅಂಗಡಿ. ಬಲಗಡೆಯದು ಸರೋಜಳದು ಎಂದರೆ ತಪ್ಪಾಗುತ್ತದೆ, ಸರೋಜಳ ಅತ್ತೆ ರಂಗಮ್ಮನವರದು. ಸರೋಜ ಸಂತೇಬೆನ್ನೂರಿನಿಂದ ಬಂದ ಸೊಸೆ. ಆ ಮನೆಯ ಗಂಡಸರೆಲ್ಲ ಅಡಿಕೆ ಮಂಡಿಯಲ್ಲಿ. ಅವರು ಒಟ್ಟಿಗೆ ಹೊರಡುವವರಲ್ಲ, ಒಟ್ಟಿಗೆ ಉಣ್ಣುವವರೂ ಅಲ್ಲ. ಹೀಗಾಗಿ ಬೆಳಗಿನ ರೊಟ್ಟಿಯಿಂದ ರಾತ್ರಿ ಹಾಲಿಗೆ ಹೆಪ್ಪು ಹಾಕುವವರೆಗೆ ಸರೋಜಳ ಬೆನ್ನು ನೆಟ್ಟಗಾದದ್ದನ್ನು ನಾವು ಕಂಡದ್ದು ಕಡಿಮೆ.

ಪುಸ್ತಕ ಬಂದದ್ದು ಮುಮ್ತಾಜಳ ಮನೆಯಿಂದ. ಸೂಟಿನ ಬಟ್ಟೆಯ ತುಣುಕುಗಳನ್ನು ಗಿರಾಕಿಗೆ ತೋರಿಸಲು ಅಂಟಿಸಿಟ್ಟ ದಪ್ಪ ರಟ್ಟಿನ ಹಳೆಯ ಪುಸ್ತಕ. ಚನ್ನಗಿರಿಯಲ್ಲಿ ಸೂಟು ಹೊಲಿಸುವವರಾದರೂ ಯಾರು? ತುಣುಕುಗಳನ್ನು ಕಿತ್ತು ಕೌದಿಗೆ ಸೇರಿಸಿ, ಉಳಿದ ರಟ್ಟನ್ನು ಮುಮ್ತಾಜ್ ನನಗೆ ತಂದುಕೊಟ್ಟಳು. ಜೊತೆಗೆ ಬಟ್ಟೆಯ ಥಾನುಗಳ ಮೇಲೆ ಬರುವ ಚಿನ್ನದ ಅಂಚಿನ ಚೀಟಿಗಳನ್ನೂ ತಂದಳು. ನ್ಯಾಮತಿಗೆ ಕೊಟ್ಟಿದ್ದ ನನ್ನ ತಂಗಿ ಓದಿ ಮುಗಿಸಿದ ಪತ್ರಿಕೆಗಳನ್ನು ಕಟ್ಟು ಕಟ್ಟಿ ಬಸ್ಸಿಗೆ ಹಾಕಿ ಕಳಿಸುತ್ತಿದ್ದಳು. ಬೆಂಕಿಪೆಟ್ಟಿಗೆಯ ಚಿತ್ರ, ಬಿಸ್ಕತ್ತಿನ ಪೊಟ್ಟಣ, ಲಗ್ನಪತ್ರಿಕೆಯ ಹೂಬಳ್ಳಿ, ಕೈಗೆ ಸಿಕ್ಕಿದ್ದೆಲ್ಲ ನಮಗೆ ಬೇಕು. ಒಬ್ಬಳೇ ಕೂತು ಚಿತ್ರ ಅಂಟಿಸುವುದೆಂದರೆ ಒಬ್ಬಳೇ ಕೂತು ಚೌಕಾಬಾರ ಆಡಿದಂತೆ, ಗೆದ್ದರೂ ಸಪ್ಪೆ. ಅದಕ್ಕೆ ಜನ ಬೇಕು.

ಅಂಟಿನ ವಿಷಯದಲ್ಲಿ ಪಂಡಿತರಲ್ಲಿ ಮತಭೇದವಿದೆ. ಮೈದಾ ಕುದಿಸಿದ್ದೇ ಅಂಟು ಎನ್ನುವುದು ಮುಮ್ತಾಜಳ ಪಂಥ. ಹೊನ್ನಾಳಿಯ ನನ್ನ ತವರಿನಲ್ಲಿ ಅನ್ನದ ಅಗುಳನ್ನು ಹೆಬ್ಬೆರಳಲ್ಲಿ ಅರೆದರೆ ಮುಗಿಯಿತು. ಜಾಲಿಮರದ ಗೋಂದಿನ ಮುಂದೆ ಇವೆಲ್ಲ ಯಾವ ಲೆಕ್ಕ ಎನ್ನುವ ಮೂರನೆಯ ಪಂಥವೊಂದಿದೆ, ಅದರವರು ಮರ ಹತ್ತಬಲ್ಲವರಾಗಿರಬೇಕು. ವಾದ ಮಾಡಿ ಸೋತು ನಾನು ಮೈದಾಕ್ಕೆ ಶರಣಾದೆ. ಹುಳ ಬೀಳದಂತೆ ಚಿಟಿಕೆ ಮೈಲುತುತ್ತ ಹಾಕಿ ಕುದಿಸಿದರೆ ಅಂಟಿಗೆ ತಿಳಿ ನೀಲಿ ಬಣ್ಣ ಬರುತ್ತಿತ್ತು. ನಮ್ಮ ಉಗುರುಗಳೂ ವಾರವಿಡೀ ಅದೇ ಬಣ್ಣದಲ್ಲಿರುತ್ತಿದ್ದವು.

ಇನ್ನು ಸರೋಜ. ಅವಳಿಗೆ ಪುರುಸೊತ್ತು ಎಲ್ಲಿಂದ ಬರಬೇಕು? ಬರುತ್ತಿತ್ತು, ತಿಂಗಳಿಗೆ ಮೂರು ದಿನ. ಅವರ ಮನೆಯಲ್ಲಿ ಮುಟ್ಟಾದ ಹೆಂಗಸು ಹೊರಗೆ ಕೂರುವ ಪದ್ಧತಿ. ಅಡುಗೆಮನೆಗೆ ಕಾಲಿಡುವಂತಿಲ್ಲ, ನೀರು ಸೇದುವಂತಿಲ್ಲ, ಬೀಸುವಂತಿಲ್ಲ, ಬಡಿಸುವಂತಿಲ್ಲ. ಹಿತ್ತಲ ಜಗಲಿಯ ಮೇಲೆ ಒಂದು ಚಾಪೆ, ಪಕ್ಕದಲ್ಲಿ ಒಂದು ತಂಬಿಗೆ. ಪಾಪ ಎಂದು ಮರುಗಲು ಹೋದರೆ ಅವಳ ಮುಖದಲ್ಲಿ ಹಬ್ಬ! ನಮ್ಮ ಮನೆಯಲ್ಲಿ ಆ ಲೆಕ್ಕ ಇರಲಿಲ್ಲವಾದ್ದರಿಂದ ನನಗೆ ಆ ರಜೆಯೂ ಇರಲಿಲ್ಲ. ಮುಮ್ತಾಜಳದು ಇನ್ನೊಂದು ಗೋಳು. "ನಮಗೆ ನಮಾಜಿಗೆ ರಜಾ ಐತಕ್ಕಾ, ಒಲೆಗೆ ರಜಾ ಇಲ್ಲ" ಎಂದು ಅವಳು ನಗುತ್ತಿದ್ದಳು.

ಹಾಗಾಗಿ ನಮ್ಮ ಪಂಚಾಂಗ ಸರೋಜಳ ಚಾಪೆಯೇ. ಬೇಲಿಯಾಚೆ ಚಾಪೆ ಕಂಡಿತೆಂದರೆ ನಾನು ಅಂಟಿಗೆ ನೀರಿಡುತ್ತಿದ್ದೆ. ಮಧ್ಯಾಹ್ನ ನಾನೂ ಮುಮ್ತಾಜಳೂ ಹೋಗಿ ಆ ಜಗಲಿಯ ಈ ತುದಿಗೆ ಕೂರುವುದು, ಸರೋಜ ಆ ತುದಿಗೆ. ಕೈಯಿಂದ ಕೈಗೆ ಏನೂ ಕೊಡುವಂತಿಲ್ಲ. ನಾವು ನೆಲದ ಮೇಲಿಟ್ಟು ಸರಿಯಬೇಕು, ಅವಳು ಎತ್ತಿಕೊಳ್ಳಬೇಕು. ಪುಸ್ತಕವನ್ನು ಮುಟ್ಟಬಹುದೇ ಎಂಬ ಪ್ರಶ್ನೆ ಮೊದಲ ದಿನವೇ ಎದ್ದಿತು. ರಂಗಮ್ಮನವರು ಬಾಗಿಲಲ್ಲಿ ನಿಂತು ಯೋಚಿಸಿ ತೀರ್ಪು ಕೊಟ್ಟರು: "ಕಾಗದಕ್ಕೇನು ಮೈಲಿಗೆ? ಮುಟ್ಲಿ ಬಿಡ್ರಿ." ಕುದಿಸಿದ ಮೈದಾ ಮುಸುರೆಯಲ್ಲವೇ ಎಂದು ಕೇಳುವ ಅಧಿಕಪ್ರಸಂಗ ನನ್ನ ನಾಲಿಗೆ ತುದಿಗೆ ಬಂದಿತ್ತು, ಮುಮ್ತಾಜ್ ತೊಡೆ ಚಿವುಟಿ ತಡೆದಳು.

ಕತ್ತರಿಸುವುದು ಮುಮ್ತಾಜ್. ಟೈಲರನ ಹೆಂಡತಿಯ ಕೈ, ಕುದುರೆಯ ಬಾಲದ ಕೂದಲೂ ತಪ್ಪುತ್ತಿರಲಿಲ್ಲ. ನಾನು ಕತ್ತರಿಸಿದರೆ ಕುದುರೆಗೆ ಕಿವಿ ಉಳಿದರೆ ಪುಣ್ಯ, ಆದ್ದರಿಂದ ನನಗೆ ಅಂಟು ಬಳಿಯುವ ಕೆಲಸ. ಯಾವುದರ ಪಕ್ಕ ಯಾವುದು ಎಂದು ಜೋಡಿಸುವವಳು ಸರೋಜ. ನಿಜ ಹೇಳಬೇಕೆಂದರೆ ಪುಸ್ತಕ ಅವಳದೇ. ಹಾಲಿನ ಪುಡಿಯ ಡಬ್ಬಿಯ ಮೇಲಿನ ಕೂಸನ್ನು ಅವಳು ಹುಲಿಯ ಬೆನ್ನ ಮೇಲೆ ಕೂರಿಸಿದಳು. ಬಣ್ಣದ ಜಾಹೀರಾತಿನ ಗೋಡೆ, ಇನ್ಯಾವುದೋ ಪುಟದ ಕುರ್ಚಿ, ಫ್ಯಾನು, ಪರದೆಗಳನ್ನು ಸೇರಿಸಿ ಎರಡು ಪುಟದ ತುಂಬ ಒಂದು ಮನೆಯನ್ನೇ ಕಟ್ಟಿದಳು. ಆ ಮನೆಯಲ್ಲಿ ಹೆಂಗಸರೆಲ್ಲ ಕಾಲು ಚಾಚಿ ಕೂತಿದ್ದರು. ಎಷ್ಟು ಹುಡುಕಿದರೂ ಒಲೆ ಕಾಣಲಿಲ್ಲ.

"ಇವ್ರು ಊಟಕ್ಕೆ ಏನ್ಮಾಡ್ತಾರೆ ಸರೋಜಾ?" ಎಂದೆ.

"ಉಂಡೇ ಬಂದಾರೆ ಬಿಡ್ರಿ ಅಕ್ಕಾ" ಎಂದಳು, ತಲೆ ಎತ್ತದೆ.

ಇಂಥ ಸುಖಕ್ಕೆ ನಾವೇ ಕಲ್ಲು ಹಾಕಿಕೊಂಡೆವು. ಅದೂ ಭಕ್ತಿಯಿಂದ.

ಕ್ಯಾಲೆಂಡರಿನ ಸಂಕಟ ನಿಮಗೂ ಗೊತ್ತಿರಬೇಕು. ಡಿಸೆಂಬರ್ ಮುಗಿದರೆ ತಾರೀಖುಗಳ ಆಯುಸ್ಸು ಮುಗಿಯುತ್ತದೆ, ಮೇಲಿರುವ ಲಕ್ಷ್ಮಿಯ ಆಯುಸ್ಸು ಮುಗಿಯುವುದಿಲ್ಲ. ಅವಳನ್ನು ಒಲೆಗೆ ಹಾಕುವಂತಿಲ್ಲ, ತಿಪ್ಪೆಗೆ ಎಸೆಯುವಂತಿಲ್ಲ. ಹೊಸ ವರ್ಷಕ್ಕೆ ಮಂಡಿಯವರು, ಗೊಬ್ಬರದಂಗಡಿಯವರು, ಜವಳಿಯವರು ಒಬ್ಬೊಬ್ಬ ದೇವರನ್ನು ಮನೆಗೆ ಕಳಿಸುತ್ತಾರೆ, ಹಳಬರು ಮೂಲೆ ಸೇರುತ್ತಾರೆ. ನಮ್ಮ ಹೊನ್ನಾಳಿಯಲ್ಲಿ ಈ ತಾಪತ್ರಯವಿಲ್ಲ, ಬಾಗಿಲಲ್ಲೇ ತುಂಗಭದ್ರೆ ಇದ್ದಾಳೆ, ಕೈಮುಗಿದು ಬಿಟ್ಟರಾಯಿತು. ಚನ್ನಗಿರಿಯವರು ಏನು ಮಾಡಬೇಕು? ನಮ್ಮಲ್ಲೊಂದು ಅಂಟಿಸುವ ಪುಸ್ತಕವಿದೆ ಎಂದು ಓಣಿಗೆ ಗೊತ್ತಾದ ವರ್ಷ, ಜನವರಿಯಲ್ಲಿ ನಮ್ಮ ಬಾಗಿಲಿಗೆ ದೇವರ ಮೆರವಣಿಗೆಯೇ ಬಂತು. "ಹೊಳೆಗೆ ಬಿಡಾಕೆ ಹೊನ್ನಾಳಿಗಂಟ ಯಾರು ಹೋಗ್ತಾರ್ರೀ? ನಿಮ್ಮ ಪುಸ್ತಕದಾಗೆ ಒಂದು ಜಾಗ ಕೊಡ್ರಿ, ಪುಣ್ಯ ಬರ್ತತೆ" ಎಂದು ಕೊಟ್ಟು ಹೋದರು. ಮುಮ್ತಾಜಳೂ ಸಂಕೋಚದಿಂದ ಮಿನಾರುಗಳಿದ್ದ ಒಂದು ಕ್ಯಾಲೆಂಡರ್ ತಂದಳು: "ನಮ್ಮನೇದೂ ಒಂದೈತೆ ಅಕ್ಕಾ, ಇದನ್ನೂ ಬಿಸಾಕಾಕೆ ಬರಂಗಿಲ್ಲ."

ಬಣ್ಣ ಬಣ್ಣದ ಅಷ್ಟು ದೊಡ್ಡ ಚಿತ್ರಗಳು! ಆಸೆ ತಡೆಯಲಿಲ್ಲ. ಸರೋಜಳ ಚಾಪೆಗೂ ಕಾಯದೆ ನಾನೂ ಮುಮ್ತಾಜಳೂ ನಮ್ಮ ಹಿತ್ತಲಲ್ಲೇ ಕೂತು ಎಲ್ಲರಿಗೂ ಜಾಗ ಮಾಡಿದೆವು. ಹುಲಿಯ ಎದುರಿನ ಪುಟಕ್ಕೆ ವೆಂಕಟರಮಣ, ಒಲೆಯಿಲ್ಲದ ಮನೆಯ ಬೆನ್ನಿಗೆ ಅನ್ನಪೂರ್ಣೆ. ಮುಗಿಸಿ, ಹೆಮ್ಮೆಯಿಂದ ರಂಗಮ್ಮನವರಿಗೆ ತೋರಿಸಲು ಹೋದೆವು.

ಅವರು ಪುಟ ತಿರುವಿದರು. ಪುಸ್ತಕವನ್ನು ಎತ್ತಿ ಕಣ್ಣಿಗೊತ್ತಿಕೊಂಡರು. ಒಳಗಿನಿಂದ ಕುಂಕುಮ ತಂದು ರಟ್ಟಿಗೆ ಹಚ್ಚಿದರು. ಆಮೇಲೆ, ಬಾಗಿಲ ಬಳಿ ಗೋಧಿ ಆರಿಸುತ್ತಿದ್ದ ಸೊಸೆಯ ಕಡೆ ತಿರುಗಿ ಹೇಳಿದರು: "ಇನ್ನ ಮ್ಯಾಲೆ ಹೊರಗಾದಾಗ ಇದನ್ನ ಮುಟ್ಟಬ್ಯಾಡ ನೋಡು. ದೇವ್ರು ಬಂದಾನೆ."

ಸರೋಜ "ಹೂಂ ಅತ್ತೆ" ಎಂದಳು. ಗೋಧಿಯಲ್ಲಿ ಕಲ್ಲು ಹುಡುಕುವುದನ್ನು ಮುಂದುವರಿಸಿದಳು. ನಾವು ಮಾಡಿದ್ದೇನೆಂದು ನನಗೆ ಆಗ ಹೊಳೆಯಿತು. ಉಳಿದ ದಿನಗಳಲ್ಲಿ ಅವಳಿಗೆ ಮುಟ್ಟುವ ಹಕ್ಕಿದೆ, ಬಿಡುವಿಲ್ಲ. ಬಿಡುವಿರುವ ದಿನಗಳಲ್ಲಿ ಇನ್ನು ಹಕ್ಕಿಲ್ಲ.

ದೇವರನ್ನು ಬಿಡಿಸಲು ನೋಡಿದೆವು. ಕುದಿಯುವ ನೀರಿನ ಆವಿಗೆ ಪುಟ ಹಿಡಿದೆವು. ವೆಂಕಟರಮಣನ ಪಾದ ಸ್ವಲ್ಪ ಎದ್ದಿತು, ಅಷ್ಟಕ್ಕೇ ನಾನು ಕೈ ಹಿಂದೆಗೆದೆ. ಮುಂದಕ್ಕೆ ಎಳೆದು ಹರಿದುಹೋದರೆ? "ನೀ ಎಳಿ" ಎಂದೆ ಮುಮ್ತಾಜಳಿಗೆ. "ಅಯ್ಯೋ ನಾ ಒಲ್ಲೆಕ್ಕಾ, ನಾ ಎಳೆದ್ರೆ ಊರಾಗೆ ಬೇರೆ ಕತೀನೇ ಆಗ್ತತೆ" ಎಂದಳು. ಎದ್ದ ಪಾದಕ್ಕೆ ಮತ್ತೆ ಅಂಟು ಬಳಿದು, ತಪ್ಪಾಯಿತು ಸ್ವಾಮಿ ಎಂದು ಒತ್ತಿ ಕೂರಿಸಿದೆ.

ಉಳಿದದ್ದು ಒಂದೇ ದಾರಿ, ದೇವರಿಲ್ಲದ ಎರಡನೆಯ ಪುಸ್ತಕ. ಮುಮ್ತಾಜ್ ಇನ್ನೊಂದು ರಟ್ಟಿನ ಪುಸ್ತಕ ಹುಡುಕಿ ತಂದಳು. ರಂಗಮ್ಮನವರೂ ಒಪ್ಪಿದರು, ಆದರೆ ಪ್ರತಿಯೊಂದು ಚಿತ್ರ ಅವರ ಕಣ್ಣಿಗೆ ಬಿದ್ದೇ ಹೋಗಬೇಕೆಂಬ ಕರಾರಿನ ಮೇಲೆ. ಆಗ ನನಗೆ ಜ್ಞಾನೋದಯವಾಯಿತು. ನಮ್ಮ ದೇಶದಲ್ಲಿ ದೇವರಿರುವ ಚಿತ್ರ ಹುಡುಕುವುದು ಸುಲಭ, ಇಲ್ಲದ ಚಿತ್ರ ಹುಡುಕಲು ತಪಸ್ಸು ಮಾಡಬೇಕು. ಆನೆ ಬೇಡ, ಗಣಪತಿ. ಹಸು ಬೇಡ, ಗೋಮಾತೆ. ನವಿಲು, ಹಾವು, ಹದ್ದು ಯಾವುವೂ ಬೇಡ. ಇಲಿ ಕೂಡ ಬೇಡವೆಂದರು. ತಾವರೆಯ ಮೇಲೆ ಲಕ್ಷ್ಮಿ ಕೂರುತ್ತಾಳೆಂದು ಸೋಪಿನ ಜಾಹೀರಾತು ಹೋಯಿತು. ಒಬ್ಬ ಸಿನಿಮಾ ನಟ ಎಲ್ಲೋ ರಾಮನಾಗಿದ್ದನೆಂದು ಸೂಟುಬೂಟಿನಲ್ಲಿದ್ದರೂ ಹೋದ. ಟ್ರ್ಯಾಕ್ಟರಿನ ಮೇಲೆ ನಾನು ಭರವಸೆಯಿಟ್ಟಿದ್ದೆ, ಅದಕ್ಕೆ ಆಯುಧಪೂಜೆಯ ಹಾರ ಹಾಕಿಬಿಟ್ಟಿದ್ದರು. ಕೊನೆಗೆ ಪ್ರೆಶರ್ ಕುಕ್ಕರು, ಕೊಡೆ, ಜಿರಾಫೆ, ಹಿಮದಲ್ಲಿ ಜಾರುವ ಯಾವುದೋ ದೇಶದ ಜನ, ಇಷ್ಟು ಪಾಸಾದವು.

ಪರೀಕ್ಷೆಗೆಂದು ಬಾಗಿಲಲ್ಲಿ ನಿಲ್ಲುತ್ತಿದ್ದ ರಂಗಮ್ಮನವರು ನಿಲ್ಲುವ ಹೊತ್ತು ಬರಬರುತ್ತ ಹೆಚ್ಚಿತು. "ಆ ಜಿರಾಫೆ ಒಂಟಿ ಆತು, ಇನ್ನೊಂದು ಹಾಕ್ರೇ" ಎನ್ನುವರು. ಒಮ್ಮೆ ಚಹಾಪುಡಿ ಪೊಟ್ಟಣವನ್ನು ಸೆರಗಿನಿಂದ ಒರೆಸಿ ತಂದು, "ಇದರಾಗೆ ಯಾರೂ ಇಲ್ಲ, ನೋಡೀನಿ" ಎಂದು ದೂರದಿಂದ ಇಟ್ಟರು. ಆದರೆ ಹೊಸ್ತಿಲು ದಾಟಿ ಕೂತವರಲ್ಲ. ಒಳಗೆ ಹಾಲು ಉಕ್ಕುತ್ತದೆ, ಯಾರೋ ಉಣ್ಣಲು ಬರುತ್ತಾರೆ, ಸೊಸೆ ಹೊರಗಿರುವ ದಿನಗಳಲ್ಲಿ ಎಲ್ಲವೂ ಅವರ ತಲೆಯ ಮೇಲೆಯೇ.

ಹೀಗೆ ಸಾಗಿತ್ತು. ಆಮೇಲೆ ಒಂದು ತಿಂಗಳು ಚಾಪೆ ಕಾಣಲಿಲ್ಲ. ಮರುತಿಂಗಳೂ ಕಾಣಲಿಲ್ಲ. ನಾನು ಸಜ್ಜಿಗೆ ಮಾಡಿಕೊಂಡು ಹೋದೆ, ಮುಮ್ತಾಜ್ ಬಳೆ ತಂದಳು. ಇಡೀ ಮನೆ ಸಂಭ್ರಮದಲ್ಲಿತ್ತು. ಬಾವಿಯ ಹತ್ತಿರ ನಾನೂ ಅವಳೂ ಇಬ್ಬರೇ ಇದ್ದಾಗ ಸರೋಜ ಮೆಲ್ಲಗೆ ಅಂದಳು:

"ಎಲ್ರಿಗೂ ಖುಷಿ ಐತೆ. ನನಗೂ ಐತ್ರಿ, ಇಲ್ಲ ಅನ್ನಂಗಿಲ್ಲ. ಆದ್ರೆ ಅಕ್ಕಾ, ನನ್ನ ಮೂರು ದಿನಾನೂ ಹೋದ್ವಲ್ರೀ."

ನನಗೆ ನಗು ಬಂತು, ಅವಳ ಮುಖ ನೋಡಿ ನುಂಗಿಕೊಂಡೆ. ಏನು ಹೇಳಲಿ? ಬಸುರಿಗೆ ಮಂಡಿಯ ಗಂಡಸರು ಬಿಡುವು ಕೊಡುವರೆಂದೇ? ಕೂಸು ಬಂದ ಮೇಲೆ ಸಿಗುವುದೆಂದೇ? ನಾನೂ ಮುಮ್ತಾಜಳೂ ನಮ್ಮ ಹಿತ್ತಲಲ್ಲಿ ಒಂದೆರಡು ಸಲ ಅಂಟು ಕುದಿಸಿದೆವು. ಜೋಡಿಸುವವಳಿಲ್ಲದೆ ಚಿತ್ರಗಳು ಮದುವೆಮನೆಯಲ್ಲಿ ಪರಿಚಯವಿಲ್ಲದವರಂತೆ ಮುಖ ತಿರುಗಿಸಿಕೊಂಡು ಕೂತವು. ಬೇಸರವಾಗಿ ಮುಚ್ಚಿಟ್ಟೆವು.

ಒಂದು ಮಧ್ಯಾಹ್ನ ಬೇಲಿಯಾಚೆಯಿಂದ ರಂಗಮ್ಮನವರ ಕೂಗು: "ಏನ್ರೇ, ಎಲ್ಲಿ ಹೋದ್ರಿ ಇಬ್ರೂ? ಪುಸ್ತಕ ತಗಂಡು ಬರ್ರಿ."

ಹೋದೆವು. ಒರಳ ಮುಂದೆ ಕೂತಿದ್ದ ಸೊಸೆಯ ಕೈಯನ್ನು ಹಿಟ್ಟು ಸಮೇತ ಹಿಡಿದೆಬ್ಬಿಸಿ ರಂಗಮ್ಮನವರು ಹಿತ್ತಲ ಜಗಲಿಗೆ ಕರೆತಂದರು. "ಕುಂತ್ಕ" ಎಂದರು. "ಇವತ್ತು, ನಾಳೆ, ನಾಡಿದ್ದು. ಒಳಗಿಂದು ನಾ ನೋಡ್ಕಂತೀನಿ. ಬರೋ ತಿಂಗಳೂ ಹಿಂಗೇ."

ನನ್ನ ಬಾಯಿ ಸುಮ್ಮನಿರಬೇಕಲ್ಲ! "ಆಕೆ ಬಸುರಿ ಅಲ್ಲೇನ್ರಿ ರಂಗಮ್ಮನೋರೇ? ಹೊರಗೆ ಯಾಕೆ?" ಎಂದೆ.

"ಬಸುರಿ ಆದ್ರೆ ಕುಂತ್ಕಬಾರ್ದು ಅಂತ ಎಲ್ಲಿ ಐತೆ?" ಎಂದು ರೇಗಿದರು. ಆಮೇಲೆ, ನಮ್ಮ ಕಡೆ ನೋಡದೆ, ಬಾಗಿಲ ಚೌಕಟ್ಟು ಹಿಡಿದುಕೊಂಡು ಹೇಳಿದರು: "ನಂದು ನಿಂತು ಎಷ್ಟೋ ವರ್ಷ ಆತು. ಇನ್ನ ದಿನಾ ದೇವರ ಮನೆಗೆ ಹೋಗಬೌದು ಅಂತ ಎಲ್ರೂ ಸಂತೋಷಪಟ್ರು. ಅವತ್ತಿಂದ ಇವತ್ತಿನಗಂಟ ಈ ಮನೆಯಾಗೆ ನನಗೆ ಕುಂತ್ಕ ಅಂದೋರು ಒಬ್ರಿಲ್ಲ."

ನಾನು ಪುಸ್ತಕದ ರಟ್ಟನ್ನು ಸುಮ್ಮನೆ ಸವರುತ್ತಿದ್ದೆ. ಸರೋಜ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು, ಸ್ವಲ್ಪ ಸರಿದು, ಪಕ್ಕದಲ್ಲಿ ಜಾಗ ಮಾಡಿದಳು.

"ಕುಂತ್ಕಳ್ರಿ ಅತ್ತೆ" ಎಂದಳು.

ರಂಗಮ್ಮನವರು ಒಮ್ಮೆ ಒಳಗೆ, ಒಲೆಯ ಕಡೆ ನೋಡಿದರು. ಆಮೇಲೆ ಮೊಣಕಾಲು ಹಿಡಿದುಕೊಂಡು, ನಿಧಾನವಾಗಿ, ಸೊಸೆಯ ಪಕ್ಕದಲ್ಲಿ ಕೂತರು. ಅವತ್ತು ಮಂಡಿಯಿಂದ ಮನೆಗೆ ಬಂದ ಗಂಡಸರು ನೀರನ್ನು ತಾವೇ ಬಗ್ಗಿಸಿಕೊಂಡು ಕುಡಿದರಂತೆ. ಯಾರಿಗೂ ಏನೂ ಆಗಲಿಲ್ಲ.