ಎಂಟು ಚೌಕದ ಅಡ್ಡಗೆರೆ

ಮಗಳ ಗ್ರಾಫ್ ಪುಸ್ತಕ ಇವತ್ತು ಕೈಗೆ ಬಂತು. ಆ ಹಸಿರು ಚೌಕಗಳನ್ನು ನೋಡಿದ್ದೇ ತಡ, ಉಜ್ಜಿನಿ ದಾರಿಯ ಹುಣಸೆ ಮರ ಕಣ್ಣ ಮುಂದೆ ಬಂದು ನಿಂತಿತು.

ನಾನೂ ಅಕ್ಕನೂ ಆ ದಾರಿಯಲ್ಲಿ ಹೈಸ್ಕೂಲಿಗೆ ನಡೆದೇ ಹೋಗುತ್ತಿದ್ದೆವು. ಅಕ್ಕನಿಗೆ ಉಬ್ಬಸ. ದಿನವೂ ಆ ಮರದಡಿ ಕೂತುಬಿಡುತ್ತಿದ್ದಳು. "ಅವ್ವಗ ಹೇಳಬ್ಯಾಡ, ಸಾಲಿ ಬಿಡಿಸ್ತಾಳ" ಎಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು.

ಒಮ್ಮೆ ಮೇಷ್ಟ್ರು, ಮನೆಯಿಂದ ಶಾಲೆಯವರೆಗಿನ ನಡಿಗೆಯ ಗ್ರಾಫ್ ಬರೆದು ತರಲು ಹೇಳಿದರು: ಅಡ್ಡಕ್ಕೆ ಸಮಯ, ಮೇಲಕ್ಕೆ ದೂರ. ಅಪ್ಪನ ವಾಚು ಕಟ್ಟಿಕೊಂಡು ಹೋಗಿ, ಇದ್ದದ್ದನ್ನು ಇದ್ದಂತೆ ಬರೆದೆ. ರೊಟ್ಟಿ ಬಡಿಯುತ್ತಿದ್ದ ಅವ್ವ, ಓದು ಬಾರದವಳು, ಹಿಟ್ಟಿನ ಬೆರಳನ್ನೇ ಗೆರೆಯ ಮೇಲೆ ಎಳೆದಳು.

"ಇಲ್ಲಿ ಏರು. ಇಲ್ಲಿ ದಾರಿ ಸಪಾಟ ಐತಿ, ನಿಮ್ಮಕ್ಕಗ ಆರಾಮ."

"ಅದು ದಾರಿ ಅಲ್ಲಬೇ. ಅಲ್ಲಿ ಟೈಮ್ ಹೊಂಟೈತಿ, ನಾವು ಹೊಂಟಿಲ್ಲ" ಎಂದೆ, ದೊಡ್ಡ ಜಾಣೆಯಂತೆ.

ಬೆರಳು ಅಲ್ಲೇ ನಿಂತಿತು. "ಎಷ್ಟೊತ್ತು?"

"ಎಂಟು ಚೌಕ. ಹದಿನಾರು ನಿಮಿಷ."

ಬಾಗಿಲಲ್ಲಿ ಕೂತಿದ್ದ ಅಕ್ಕ ತಲೆ ಎತ್ತಲಿಲ್ಲ.

ಮರುದಿನದಿಂದ ನಾನೊಬ್ಬಳೇ ಶಾಲೆಗೆ ಹೋದೆ. ಹಿಟ್ಟು ಹತ್ತಿದ ಹಾಳೆ ಕೊಡಲಾಗದೆ, ಹೊಸ ಹಾಳೆಯಲ್ಲಿ ಹೊಸ ನಡಿಗೆಯನ್ನು ಬರೆದೆ. ಎಲ್ಲೂ ನಿಲ್ಲದೆ ಏರುವ ಒಂದೇ ನೇರ ಗೆರೆ. ಮೇಷ್ಟ್ರು "ಭಾಳ ಚಂದ ಬಂದೈತಿ" ಎಂದು ಇಡೀ ತರಗತಿಗೆ ತೋರಿಸಿದರು.

"ಅಮ್ಮಾ, ಗೆರಿ ಹಿಂಗ ನೆಟ್ಟಗ ಏರಿಕೋಂತ ಹೋದ್ರ ಏನರ್ಥ?" ಪುಸ್ತಕದ ಮೇಲೆ ಬೆರಳಿಟ್ಟು ಮಗಳು ಕೇಳಿದಳು.

"ಒಂದೇ ವೇಗ" ಎಂದೆ. ಜೊತೆಗೆ ಯಾರೂ ಇಲ್ಲ ಅಂತಲೂ ಅರ್ಥ ಎಂದು ಹೇಳಲಿಲ್ಲ.