ಹೆಸರು ಬದಲಿಸುವ ಪ್ರೋಗ್ರಾಂ

ಹೆಸರಿಡುವುದರಲ್ಲಿ ನಾನು ಮೊದಲಿನಿಂದಲೂ ದಡ್ಡಿ. ಎಂಬತ್ತರ ದಶಕದ ಕೊನೆಯಲ್ಲಿ, ದಾವಣಗೆರೆಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದಾಗ, ಲೈಬ್ರರಿಗೆಂದು ಒಂದು ಕಂಪ್ಯೂಟರ್ ಪ್ರೋಗ್ರಾಂ ಬರೆದಿದ್ದೆ. ಬರೆದದ್ದು ಆಗಷ್ಟೇ ನಮ್ಮ ಕಡೆ ಬಂದಿದ್ದ ಹೊಸ ಬಗೆಯ ಭಾಷೆಯಲ್ಲಿ. ಪುಸ್ತಕ, ಓದುಗ, ಕಪಾಟು ಎಲ್ಲವೂ ಅದರಲ್ಲಿ ಒಂದೊಂದು ‘ಆಬ್ಜೆಕ್ಟ್’. ಮನೆಮಂದಿಯ ಹಾಗೆ ಅವು ಒಂದಕ್ಕೊಂದು ಕೆಲಸ ಹೇಳುತ್ತವೆ. ಆ ಒಂದೊಂದು ಕೆಲಸಕ್ಕೂ ‘ಮೆಥಡ್’ ಎನ್ನುತ್ತಾರೆ. ಅದನ್ನು ಹೆಸರು ಹಿಡಿದೇ ಕರೆಯಬೇಕು. ನಾನಿಟ್ಟ ಹೆಸರುಗಳೋ, ಮಾಡು-ಒಂದು, ಮಾಡು-ಎರಡು, ಮಾಡು-ಮೂರು. ನಮ್ಮ ವಿಭಾಗದ ಮುಖ್ಯಸ್ಥರು ಕನ್ನಡಕ ಏರಿಸಿ, “ಏನ್ ಮಾಡ್ತೈತಮ್ಮ ಇದು? ಹೆಸರು ನೋಡಿದ್ರೆ ತಿಳೀಬೇಕು,” ಎಂದರು.

ಅಷ್ಟನ್ನೂ ಕೈಯಲ್ಲಿ ತಿದ್ದುವ ತಾಳ್ಮೆ ನನಗಿಲ್ಲ. ಹೆಸರು ಬದಲಿಸಲೆಂದೇ ಇನ್ನೊಂದು ಪುಟ್ಟ ಪ್ರೋಗ್ರಾಂ ಬರೆದೆ. ಸೋಮಾರಿತನಕ್ಕಾಗಿ ಪಟ್ಟಷ್ಟು ಶ್ರಮವನ್ನು ನಾನು ಬೇರೆ ಯಾವುದಕ್ಕೂ ಪಟ್ಟಿಲ್ಲ. ಅದು ಕಣ್ಣುಮುಚ್ಚಿ ತೆರೆಯುವುದರೊಳಗೆ ಎಲ್ಲಕ್ಕೂ ಚೆಂದದ ಹೆಸರಿಟ್ಟಿತು. ಆಮೇಲೆ ಲೈಬ್ರರಿ ಪ್ರೋಗ್ರಾಂ ನಡೆಸಿದರೆ, ಈ ಹೆಸರು ನನಗೆ ಗೊತ್ತಿಲ್ಲವೆಂದು ಕಂಪ್ಯೂಟರ್ ನಿಂತೇಬಿಟ್ಟಿತು. ಮೆಥಡ್‌ಗಳ ಹೆಸರು ಬದಲಿಸಿದ್ದೆನೇ ಹೊರತು, ಅವನ್ನು ಕರೆಯುವ ಕಡೆಯಲ್ಲೆಲ್ಲ ಹಳೆಯ ಹೆಸರೇ ಉಳಿದಿತ್ತು.

ನನಗಾದರೂ ಇದು ಮೊದಲೇ ಹೊಳೆಯಬೇಕಿತ್ತು. ಹರಿಹರದ ತವರಿನಲ್ಲಿ ನಾನು ಗಿರಿಜಾ. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಗಂಡನ ಮನೆಯಲ್ಲಿ ನಾದಿನಿಯ ಹೆಸರೂ ಗಿರಿಜಾ. ಒಂದೇ ಮನೆಗೆ ಇಬ್ಬರು ಗಿರಿಜೆಯರು ಬೇಡವೆಂದು, ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬರೆಸಿ ನನ್ನನ್ನು ಸುಮಂಗಲಾ ಮಾಡಿದರು.

ಕಂಪ್ಯೂಟರ್ ಮುನಿಸಿಕೊಂಡ ಆ ವಾರವೇ ಹರಿಹರಕ್ಕೆ ಹೋಗಿದ್ದೆ. ಮಾರ್ಕೆಟ್ಟಿನಲ್ಲಿ ಬಾಲ್ಯದ ಗೆಳತಿ ಮುಮ್ತಾಜ್ ಸಿಕ್ಕಳು. ಅಂಗೈಯ ಮೆಹಂದಿ ಇನ್ನೂ ಪೂರ್ತಿ ಮಾಸಿರಲಿಲ್ಲ.

“ರಾಣೆಬೆನ್ನೂರಿಂದ ಯಾವಾಗ ಬಂದಿ?” ಎಂದಳು ಬಿಗುವಾಗಿ.

ನಾನು ಕಕ್ಕಾಬಿಕ್ಕಿ. ತನ್ನ ಮದುವೆಗೆ ಕರೆಯಲು ಅವಳು ದಾವಣಗೆರೆಯ ನಮ್ಮ ಮನೆಗೇ ಬಂದಿದ್ದಳಂತೆ. “ಗಿರಿಜಾ ಅದಾಳೇನ್ರಿ?” ಎಂದಿದ್ದಕ್ಕೆ ಅತ್ತೆ, “ವರ್ಗ ಆತವ್ವ, ಗಂಡ ಹೆಂಡ್ತಿ ರಾಣೆಬೆನ್ನೂರಾಗ ಮನಿ ಮಾಡ್ಯಾರೆ,” ಎಂದು ತಮ್ಮ ಮಗಳು ಗಿರಿಜಾಳ ಸುದ್ದಿ ಹೇಳಿ ಕಳಿಸಿದ್ದರು. ಊರು ಬಿಡುವಾಗ ಒಂದು ಮಾತೂ ಹೇಳಲಿಲ್ಲವಲ್ಲ ಎಂದು ನೊಂದ ಮುಮ್ತಾಜ್, ನನ್ನ ತವರಿಗೂ ತಿಳಿಸದೆ ಸುಮ್ಮನಾಗಿದ್ದಳು. ಅವಳ ನಿಕಾಹ್ ನನಗೆ ತಪ್ಪಿಹೋಯಿತು. ನಡೆದದ್ದನ್ನು ಬಿಡಿಸಿ ಹೇಳಿದ ಮೇಲೆ ಇಬ್ಬರೂ ನಕ್ಕೆವು, ಆದರೆ ನನ್ನ ಸಂಕಟ ಇಳಿಯಲಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿದೆ, ತುಸು ಸಿಟ್ಟಿನಿಂದಲೇ. ಅವರೆಕಾಯಿ ಸುಲಿಯುತ್ತಿದ್ದವರು ಕೈ ನಿಲ್ಲಿಸಿ, “ಅಯ್ಯೋ, ನನಗ ಹೊಳೀಲೇ ಇಲ್ಲವ್ವ,” ಎಂದು ಪೇಚಾಡಿಕೊಂಡರು. ಮತ್ತೊಂದು ಕಾಯಿ ಸುಲಿಯುತ್ತ ತಾವಾಗಿಯೇ ಅಂದರು: “ನಾನೂ ತವರೂರು ಸಾರಥಿಯಾಗ ಇದ್ದಾಗ ನೀಲಾ. ಈ ಮನಿಗೆ ಬಂದು ಶಾರದಮ್ಮ ಆದೆ. ನೀಲಾ ಅಂತ ಕರೆಯೋರು ಈಗ ಯಾರೂ ಉಳಿದಿಲ್ಲ.”

ಹಿಂದಿನ ದಿನವಷ್ಟೇ ಹೆಸರು ಬದಲಿಸುವ ನನ್ನ ಪ್ರೋಗ್ರಾಮನ್ನು ತಿದ್ದಿದ್ದೆ. ಈಗ ಅದು ಕರೆಯುವ ಕಡೆಗಳನ್ನೆಲ್ಲ ಹುಡುಕಿ ಅಲ್ಲೂ ಹೊಸ ಹೆಸರು ಬರೆಯುತ್ತಿತ್ತು; ಕರೆಯುವವರು ಯಾರೂ ಉಳಿಯದಿದ್ದರೆ ಹಳೆಯ ಹೆಸರನ್ನು ಅಳಿಸಿಬಿಡುತ್ತಿತ್ತು. ಆ ಕೊನೆಯ ಸಾಲನ್ನು ಬರೆದು ಎಷ್ಟು ಬೀಗಿದ್ದೆ! ಅತ್ತೆಯ ಮುಂದೆ ಕೂತಾಗ ನಾಚಿಕೆಯಾಯಿತು.

“ಒಂದ್ಸಲ ನೀನು ಹಂಗ ಕರಿ ನೋಡಾನ,” ಎಂದರು ಅತ್ತೆ.

ಸೊಸೆಯಾದವಳು ಅತ್ತೆಯನ್ನು ಹೆಸರು ಹಿಡಿದು ಕರೆಯುವುದುಂಟೇ? ಬಾಗಿಲ ಕಡೆ ತಿರುಗಿ, ಮಾವ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೆಲ್ಲಗೆ “ನೀಲಾ” ಎಂದೆ.

ಒಂದು ಮೊಳ ದೂರದಲ್ಲಿ ಕೂತಿದ್ದ ಅತ್ತೆ, ಕೇರಿಯ ಆ ತುದಿಗೂ ಕೇಳುವಷ್ಟು ಜೋರಾಗಿ, “ಓ” ಎಂದರು.