ವಾರಕ್ಕೊಂದು ಸೆಂಟಿಮೀಟರ್

ತಿರುವನಂತಪುರ, 1996. ಬೆಳಗಿನ ಐದು ಗಂಟೆ. ನಲ್ಲಿಗೆ ನೀರು ಬರುವ ಮೊದಲೇ ದಾಮೋದರ ನೆಲದ ಮೇಲೆ ಗ್ರಾಫ್ ಹಾಳೆ ಹರಡಿ ಕೂತಿದ್ದಾರೆ. ಹಾಳೆಯ ತುಂಬ ನಕ್ಷತ್ರ, ನಡುವೆ ಮೂವತ್ತೊಂದು ನೌಕೆ. ಸ್ಕೇಲು ಹಿಡಿದು ಒಂದೊಂದನ್ನೂ ಒಂದು ಸೆಂಟಿಮೀಟರ್ ಸರಿಸಿ, ಆಯಾ ಆಟಗಾರರಿಗೆ ಕಾರ್ಡು ಬರೆಯುತ್ತಾರೆ.

ಕಾಸರಗೋಡಿನ ಇವರು ಬಾಹ್ಯಾಕಾಶ ಸಂಸ್ಥೆಯೊಂದರ ಗ್ರಂಥಾಲಯದಲ್ಲಿ ಗುಮಾಸ್ತ. ಏಳು ವರ್ಷದಿಂದ ಅಂಚೆಯಲ್ಲಿ ನಡೆಸುತ್ತಿರುವ ಈ ಯುದ್ಧತಂತ್ರದ ಆಟಕ್ಕೆ ಕೊಚ್ಚಿಯಿಂದಲೂ ಆಟಗಾರರಿದ್ದಾರೆ. ‘ಮೀಸೆ ಹಣ್ಣಾದರೂ ಆಟ ಬಿಡಲಿಲ್ಲವಲ್ಲ’ ಎಂದು ಸಹೋದ್ಯೋಗಿಗಳು ಕಾಲೆಳೆಯುತ್ತಾರೆ.

“ಕಂಪ್ಯೂಟರ್ ಆಟದಲ್ಲಿ ಗುಂಡಿ ಒತ್ತಿದ್ರೆ ನಕ್ಷತ್ರಕ್ಕೆ ಹೋಗಿ ಆಯ್ತು. ಅದೆಲ್ಲ ಬುರುಡೆ ಮಾರಾಯ್ರೆ! ನನ್ನಲ್ಲಿ ಬೆಳಕಿನ ಹತ್ತನೇ ಒಂದು ಪಾಲು ವೇಗ, ಅಷ್ಟೇ. ನಮ್ಮ ಒಂದು ವಾರ ಆಟದಲ್ಲಿ ಒಂದು ವರ್ಷ. ಹತ್ತಿರದ ನಕ್ಷತ್ರಕ್ಕೇ ನಲವತ್ತಮೂರು ವಾರ ಬೇಕು” ಎನ್ನುತ್ತಾರೆ ದಾಮೋದರ.

ಆ ನಕ್ಷತ್ರಕ್ಕೆ ಹೊರಟವಳು ಇದೇ ನಗರದ ಉಳ್ಳೂರಿನ ಮಹತಿ, ವರ್ಗವಾಗಿ ಬಂದ ಮೈಸೂರಿನ ಕುಟುಂಬದ ಹದಿನಾಲ್ಕರ ಹುಡುಗಿ. ಎರಡೂ ಕಿಡ್ನಿ ಕೈಕೊಟ್ಟಿದ್ದವು. ಮೂವತ್ತನೇ ವಾರ ತಾಯಿ ಇಂದುಮತಿ ದಾಮೋದರರ ಬಾಗಿಲಿಗೆ ಬಂದು, “ಡಾಕ್ಟ್ರು ಏನೂ ಹೇಳ್ತಾ ಇಲ್ಲ. ತಲುಪಿತು ಅಂತ ಒಂದು ಕಾರ್ಡು ಬರೆದುಬಿಡಿ” ಎಂದು ಕೈಮುಗಿದರು.

ಇವರು ಒಪ್ಪಲಿಲ್ಲ. ಒಬ್ಬಳಿಗೆ ವೇಗ ಹೆಚ್ಚಿಸಿದರೆ ಉಳಿದ ಮೂವತ್ತು ಮಂದಿಗೆ ಏನು ಹೇಳುವುದು ಎಂದರು. ಎರಡೇ ವಾರಕ್ಕೆ ಮಹತಿ ತೀರಿಕೊಂಡಳು.

“ಹಾಳಾದ ನಿಯಮ! ಒಂದು ಸುಳ್ಳು ಬರೆದಿದ್ರೆ ನನ್ನ ಗಂಟೇನು ಹೋಗ್ತಿತ್ತು?” ದಾಮೋದರ ಕನ್ನಡಕ ತೆಗೆದು ಒರೆಸುತ್ತಾರೆ. ಮಗುವಿನ ಕಡೆಯ ಆಸೆಗೆ ಅಡ್ಡ ನಿಂತೆನೆಂಬ ಸಂಕಟ ಅನ್ನ ಇಳಿಯಗೊಟ್ಟಿಲ್ಲ.

ಹೋದ ಭಾನುವಾರ ಇಂದುಮತಿ ಮತ್ತೆ ಬಂದಿದ್ದರು. ಅವತ್ತು ಬರಿಗೈಲಿ ಹೋದವರು, ಇವರ ಅಕ್ಷರದ ಹಾಗೆಯೇ ತಾವೇ ಒಂದು ಕಾರ್ಡು ಬರೆದು ಮಗಳಿಗೆ ಕೊಟ್ಟಿದ್ದರಂತೆ. “ಅವಳ ಹತ್ರನೂ ಗ್ರಾಫ್ ಹಾಳೆ ಇತ್ತು ಸಾರ್. ಅಳತೆ ಮಾಡಿ ನೋಡಿ ನಕ್ಕುಬಿಟ್ಳು. ಇನ್ನೂ ಹದಿಮೂರು ವಾರ ಇದೆ, ಇದು ನಿಂದೇ ಕೆಲಸ ಅಮ್ಮ, ಅಂಕಲ್ ಸುಳ್ಳು ಬರೆಯಲ್ಲ ಅಂದ್ಳು.”

ಅದನ್ನು ಹೇಳಿ ದಾಮೋದರ ಹಾಳೆಯ ಮೇಲೆ ಸ್ಕೇಲು ಇಡುತ್ತಾರೆ. ಮಹತಿಯ ನೌಕೆಯನ್ನು ಅವರು ನಿಲ್ಲಿಸಿಲ್ಲ. ಇನ್ನು ಆರು ಸೆಂಟಿಮೀಟರ್ ಬಾಕಿ.

“ಮುಟ್ಟಿದ ದಿವಸ ಅವಳ ಹೆಸರಿಗೇ ಕಾರ್ಡು ಹಾಕ್ತೇನೆ. ವಿಳಾಸದಾರರು ಇಲ್ಲ ಅಂತ ಪೋಸ್ಟ್‌ಮ್ಯಾನ್ ವಾಪಸ್ ತರದಿದ್ರೆ ಸಾಕು.”